ಆಷಾಢ ಕಳೆಯುವವರೆಗೆ

ನಮ್ಮೂರಲ್ಲಿ ತೀರ್ಮಾನ ಮುಂದೂಡಿದಾಗಲೆಲ್ಲ ಮನೆಯ ಗೋಡೆಗಳು ಒಂದು ಗೇಣು ಒಳಗೆ ಸರಿಯುತ್ತವೆ. ಮನಸ್ಸು ಗಟ್ಟಿ ಮಾಡಿದರೆ ಹಿಂದಕ್ಕೂ ಸರಿಯುತ್ತವಂತೆ, ನೋಡಿದವರು ಕಡಿಮೆ.

ವಿಮಲಾಕ್ಷಿಗೆ ಕಾರವಾರದ ಶಾಲೆಯಿಂದ ಕೆಲಸದ ಕರೆ ಬಂದಿತ್ತು; ಸಂಜೆಯೊಳಗೆ ಉತ್ತರ ಹೇಳಬೇಕು. ಅವಳೂ ಗಂಡ ಚಿದಾನಂದನೂ ಈಗೀಗ ನಿಂತೇ ಉಣ್ಣುತ್ತಿದ್ದರು.

“ಒಪ್ಕೊಳ್ಲಾ?”

“ಆಷಾಢ ಕಳೀಲಿ, ತಡಿ.”

ಗೋಡೆ ಗರಗರ ಸರಿದು ತಟ್ಟೆ ಅವನ ಎದೆಗೊತ್ತಿತು. “ನೋಡು, ಸಾರು ಚೆಲ್ತು,” ಎಂದ, ನಷ್ಟ ಅದೊಂದೇ ಎಂಬಂತೆ.

ಬಚ್ಚಲಿಗೆ ದಾರಿಯಿರಲಿಲ್ಲ. ವಿಮಲಾಕ್ಷಿ ಎಂಜಲು ಕೈಯಲ್ಲೇ ಬೀದಿಬಾಗಿಲಿನಿಂದ ಅಡ್ಡಡ್ಡ ನುಸುಳಿ, ಎಡಗೈಯಲ್ಲಿ ಫೋನ್ ಹಿಡಿದಳು. “ಬರ್ತೀನಿ ಸಾರ್. ಸೋಮವಾರವೇ.”

ಮನೆಯೊಳಗೆ ಗೋಡೆಗಳು ಹಿಂದಕ್ಕೆ ಸರಿದವು.

“ಲೇ, ಕೂತ್ಕೊಳ್ಳೋಷ್ಟು ಜಾಗ ಆಯ್ತು ಕಣೇ!” ಚಿದಾನಂದ ಕೂಗಿದ. “ಬಾ, ಅನ್ನ ಬಡಿಸು.”

ಬಾಗಿಲೂ ಅಗಲವಾಗಿತ್ತು. ವಿಮಲಾಕ್ಷಿ ಕೈ ತೊಳೆಯಲು ಬೀದಿ ನಲ್ಲಿಯತ್ತ ನಡೆದಳು.