ಪಾಪಯ್ಯನ ಏಳನೇ ದಿನ

ಆರು ಗಂಟೆ ದಾಟಿ ಹತ್ತು ನಿಮಿಷವಾದರೂ ಪಾಪಯ್ಯನ ಕೈಯಲ್ಲಿದ್ದ ಫೋನು ಬಾಯಿ ಬಿಡಲಿಲ್ಲ. ಅವನು ನಿಂತಿದ್ದುದು ಅಂಚೆಟ್ಟಿ ರಸ್ತೆಯ ದಿಣ್ಣೆಯ ಮೇಲೆ, ಬ್ರಾಂದಿ ಅಂಗಡಿಯ ಎದುರಿಗೆ. ಕುಡಿತ ಬಿಡುವವರಿಗೆ ದಿನಾ ಸಂಜೆ ಫೋನ್ ಮಾಡಿ ಧೈರ್ಯ ಹೇಳುವುದು ಕೃಷ್ಣಗಿರಿಯ ಸೆಲ್ವಿಯ ಕೆಲಸ. ಆದರೆ ಪಾಪಯ್ಯನ ಹಳ್ಳಿ ಇದ್ದದ್ದು ಕಾಡಿನ ತಗ್ಗಿನಲ್ಲಿ. ಸುತ್ತ ಎರಡು ಮೈಲಿಗೆ ಸಿಗ್ನಲ್ ಸಿಗುವ ಜಾಗವೆಂದರೆ ಈ ದಿಣ್ಣೆಯೊಂದೇ. ಹಾಗಾಗಿ ಕುಡಿಯಬೇಡ ಎಂಬ ಮಾತು ಕೇಳಲು ಅವನು ದಿನಾ ಬ್ರಾಂದಿ ಅಂಗಡಿಗೇ ಬರಬೇಕಾಗಿತ್ತು.

ಆರು ದಿನ ಹೀಗೇ ಬಂದು, ಮಾತಾಡಿ, ಒಂದು ಹನಿ ಮುಟ್ಟದೆ ಹಿಂದಿರುಗಿದ್ದ. ವರ್ಷದಿಂದ ಮಾತು ಬಿಟ್ಟಿದ್ದ ಹೆಂಡತಿ ಪಾರ್ವತಮ್ಮ ಅಷ್ಟರಲ್ಲಿ ಎರಡು ಸಲ ಮಾತಾಡಿಸಿದ್ದಳು. ಎರಡೂ ಬೈಗುಳವೇ. ಆದರೂ ಮಾತು ಮಾತೇ.

"ಏನ್ಲಾ, ನಿನ್ ಮೇಡಮ್ಮು ಕೈ ಕೊಟ್ಬುಟ್ಳಾ?" ಅಂಗಡಿಯಿಂದ ಹೊರಬಂದ ಹಳೆಯ ಜೊತೆಗಾರ ನಂಜಪ್ಪ ಕೇಳಿದ. "ಫೋನ್ ಬರೋಗಂಟ ಇದನ್ನ ಹಿಡ್ಕೊಳ್ಳಾ."

ಪಾಪಯ್ಯ ಬೇಡವೆನ್ನುವಷ್ಟರಲ್ಲಿ ಲೋಟ ಕೈಗೆ ಬಂದಿತ್ತು. ವಾಸನೆ ಮೂಗಿಗೆ ಹೊಡೆಯಿತು. ತಾನೇ ಯಾಕೆ ಫೋನ್ ಮಾಡಬಾರದು ಎಂದು ಅವನಿಗೆ ಹೊಳೆದದ್ದು ಆಗಲೇ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಹಸಿರು ಗುಂಡಿಯನ್ನು ಎರಡು ಸಲ ಒತ್ತಿದ.

ಆ ಕಡೆ ಗ್ರೈಂಡರ್ ಸದ್ದಿನ ನಡುವೆ ಸೆಲ್ವಿಯ ದನಿ ಕೇಳಿಸಿತು. "ಅಯ್ಯಾ, ಇವತ್ತು ಭಾನುವಾರ. ನನಗೆ ಲೀವು. ನಿನ್ನೆನೇ ಹೇಳಿದ್ನಲ್ಲ?"

"ನಿಮ್ಗೆ ಲೀವು ಸರಿ ಕಣಮ್ಮ. ಗಂಟ್ಲಿಗೆ ಭಾನುವಾರ ಗೊತ್ತಾಯ್ತದಾ?"

ಗ್ರೈಂಡರ್ ನಿಂತಿತು. "ಕೈಯಲ್ಲಿ ಏನಿದೆ ಅಯ್ಯಾ?"

"ಫೋನು."

"ಇನ್ನೊಂದು ಕೈಯಲ್ಲಿ?"

ಪಾಪಯ್ಯ ಆ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದ. "ನಂಜಪ್ಪನ ಲೋಟ ಕಣಮ್ಮ. ಹಿಡ್ಕಂಡಿದೀನಿ, ಅಷ್ಟೇಯ."

"ಹಿಡ್ಕೊಂಡಿದ್ದು ಸಾಕು. ಅವರದನ್ನ ಅವರಿಗೇ ಕೊಡಿ."

ಪಾಪಯ್ಯ ಲೋಟವನ್ನು ನಂಜಪ್ಪನ ಕಡೆ ಚಾಚಿದ. ಆಮೇಲೆ ನಂಜಪ್ಪನೇ ಫೋನಿಗೆ ಬಾಯಿ ತಂದ. "ಕೊಟ್ಬುಟ್ಟ ಮೇಡಮ್, ನಾನೇ ಸಾಕ್ಷಿ!" ಎಂದವನೇ ಸಾಕ್ಷ್ಯವನ್ನು ಒಂದೇ ಗುಟುಕಿಗೆ ಮುಗಿಸಿದ.

"ಈಗ ಮಾತಾಡ್ತಾ ಮನೆ ಕಡೆ ನಡೀರಿ ಅಯ್ಯಾ."

"ನಡುದ್ರೆ ಲೈನ್ ಕಟ್ಟಾಗೋಯ್ತದಲ್ಲಮ್ಮ!"

"ಆಗಲಿ. ಮನೇಲಿ ಇವತ್ತು ಏನು ಸಾರು?"

"ಹುರುಳಿ ಕಾಳು. ಪಾರ್ವತಿ ಮಾಡಿದ್ರೆ ಹೆಂಗಿರ್ತದೆ ಅಂದ್ರೆ..." ಪಾಪಯ್ಯನ ದನಿ ಇಳಿಜಾರು ಹಿಡಿಯಿತು. "ಬೆಳ್ಳುಳ್ಳಿ... ಮುದ್ದೆಗೆ..." ಕರಕರ ಸದ್ದಾಯಿತು. ಆಮೇಲೆ ಅದೂ ನಿಂತುಹೋಯಿತು.

"ಕಟ್ಟಾಯ್ತಾ? ತಿರುಗಿ ಮಾಡು," ಎಂದ ಕೃಷ್ಣಗಿರಿಯ ಮನೆಯಲ್ಲಿ ಒಲೆಯ ಬಳಿಯಿದ್ದ ಸೆಲ್ವಿಯ ಗಂಡ ಕುಮಾರೇಶ್.

ಸೆಲ್ವಿ ಆಗಲೇ ಮಾಡಲಿಲ್ಲ. ಉಳಿದ ಹಿಟ್ಟು ರುಬ್ಬಿದಳು, ಬಳಿದಿಟ್ಟಳು, ಕೈ ತೊಳೆದಳು. ಆಮೇಲೆ ಬಾಗಿಲಿಗೆ ಬಂದು ನಂಬರು ಒತ್ತಿ, ಉಸಿರು ಬಿಗಿಹಿಡಿದು ಫೋನನ್ನು ಕಿವಿಗಿಟ್ಟಳು. ಚಂದಾದಾರರು ಸಂಪರ್ಕದ ವ್ಯಾಪ್ತಿಯಿಂದ ಹೊರಗಿದ್ದಾರೆಂದು ಫೋನ್ ಕಂಪನಿಯ ಹೆಣ್ಣುದನಿ ತಮಿಳಿನಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿತು. ಸೆಲ್ವಿ ಎರಡನ್ನೂ ಕೊನೆಯವರೆಗೆ ಕೇಳಿದಳು.

"ಸಿಕ್ಕಿದ್ರಾ?" ಎಂದ ಕುಮಾರೇಶ್.

"ಇಲ್ಲ!" ಎಂದಳು ಸೆಲ್ವಿ, ಮುಖವೆಲ್ಲ ಅರಳಿಸಿಕೊಂಡು.