ಬೇಡಿಕೆ ಇಲ್ಲ

ಆ ಪೇಟೆಂಟು ಒಂದು ಪುಟ್ಟ ಪಟ್ಟಿಯದು. ಎಳೆಗೂಸಿನ ಕಾಲಿಗೆ ಕಟ್ಟಿದರೆ, ನಿದ್ದೆಯಲ್ಲಿ ಉಸಿರು ನಿಂತ ಕೂಡಲೇ ಸದ್ದು ಮಾಡಿ ಮನೆಯವರನ್ನು ಎಬ್ಬಿಸುತ್ತದೆ. ಕಂಪನಿ ಅದರ ಹಕ್ಕನ್ನು ಕೊಂಡುಕೊಂಡಿತು. ತನ್ನ ದುಬಾರಿ ಯಂತ್ರದ ವ್ಯಾಪಾರ ಕೆಡಬಾರದೆಂದು ತಾನೂ ತಯಾರಿಸಲಿಲ್ಲ, ಬೇರೆಯವರಿಗೂ ಬಿಡಲಿಲ್ಲ. ಯಾಕೆ ತಯಾರಿಸಿಲ್ಲವೆಂದು ಸರ್ಕಾರಕ್ಕೆ ಆಗಾಗ ಬರೆದುಕೊಡಬೇಕಿತ್ತು. ಆ ಕೆಲಸ ಗುಮಾಸ್ತೆ ಇಂದುಮತಿಯದು. ‘ಬೇಡಿಕೆ ಇಲ್ಲ’ ಎಂದು ಬರೆಯುವಾಗಲೆಲ್ಲ ಯಾರೋ ಕಿವಿಯ ಹತ್ತಿರ ತಡೆತಡೆದು ಉಸಿರಾಡಿದಂತಾಗಿ ಅವಳ ಪೆನ್ನು ನಿಲ್ಲುತ್ತಿತ್ತು.

ಒಂದು ದಿನ ವಿಶ್ವವಿದ್ಯಾಲಯದಿಂದ ಸಂಶೋಧಕಿಯೊಬ್ಬಳು ಬಂದಳು. ಬಳಕೆಗೆ ಬಾರದೆ ಕಪಾಟಿನಲ್ಲೇ ಉಳಿದ ಪೇಟೆಂಟುಗಳ ಮೇಲೆ ಅವಳ ಅಧ್ಯಯನ.

“ಒಂಬತ್ತು ವರ್ಷದಿಂದ ಇದೇ ಉತ್ತರ. ಯಾರೂ ಬಂದು ಕೇಳಲೇ ಇಲ್ವಾ ಮೇಡಂ? ಒಬ್ಬರು ಕೇಳಿದ್ರು ಅಂತ ನೀವು ಹೇಳಿದ್ರೂ ಸಾಕು, ಬೇರೆಯವರು ಇದನ್ನ ತಯಾರಿಸೋಕೆ ಸರ್ಕಾರದ ಹತ್ರ ಲೈಸೆನ್ಸ್ ಕೇಳೋಕೆ ಆಧಾರ ಸಿಗುತ್ತೆ.”

ಒಳಕೋಣೆಯಿಂದ ಮ್ಯಾನೇಜರು ಕೂಗಿದರು: “ಇಂದುಮತಿ, ಕಾಫಿ ಕೊಟ್ಟು ಕಳಿಸಮ್ಮಾ. ಇಲ್ಲಿ ಕತೆ ಹೇಳ್ತಾ ಕೂತ್ರೆ, ನಾಳೆಯಿಂದ ಮನೇಲಿ ಕೂತು ಹೇಳ್ಬೇಕಾಗುತ್ತೆ!”

ಇಂದುಮತಿ ಫೈಲು ಮುಚ್ಚಿದಳು. ಸಂಶೋಧಕಿ ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೂ ಹೋದಳು.

“ಒಬ್ಬಳು ಬಂದಿದ್ಲು,” ಎಂದಳು ಇಂದುಮತಿ, ಒಳಕೋಣೆಗೂ ಕೇಳುವಷ್ಟು ಗಟ್ಟಿಯಾಗಿ. “ಪೇಪರಿನಲ್ಲಿ ಓದಿ, ಮಗು ಎತ್ಕೊಂಡು ಬಂದಿದ್ಲು. ಒಂದೇ ಒಂದು ಮಾಡಿಕೊಡಿ ಅಂತ ಕಾಲು ಹಿಡಿದ್ಲು.”

“ಯಾರವಳು? ಈಗ ಎಲ್ಲಿದ್ದಾಳೆ?”

“ಮಗು ಹೋದ ಮೇಲೆ ಪಾಪ ಅಂತ ಸಾಹೇಬರು ಅವಳಿಗೆ ಈ ಕುರ್ಚಿ ಕೊಟ್ರು.”