ಕಾಲೂರಬಾರದು

ಮೂರನೆಯ ತಿರುವಿಗೇ ಬೇಕರಿಯವನ ನಾಲಿಗೆ ಹೊರಗೆ ಬಿದ್ದಿತ್ತು. ಗುಡ್ಡ ಇನ್ನೂ ಅರ್ಧ ಬಾಕಿ. ಮುಂದಿನ ಸೈಕಲ್ಲಿನ ಮೇಲೆ ಅರವತ್ತು ದಾಟಿದ ಅಂಚೆಯಮ್ಮ ಪಕ್ಕದ ಮನೆಗೆ ಹೊರಟವರಂತೆ ಆರಾಮವಾಗಿ ತುಳಿಯುತ್ತಿದ್ದರು.

“ಏನಪ್ಪಾ ಬನ್ನಿನವನೇ, ಇದೀಯೋ ಹೋದ್ಯೋ?” ತಿರುಗಿಯೂ ನೋಡದೆ ಕೇಳಿದರು.

“ಇದೀನಿ ಅತ್ತೆ!”

“ಅತ್ತೆ ಇನ್ನೂ ಆಗಿಲ್ಲ. ತುಳಿ ಸುಮ್ನೆ.”

ವಿಷಯ ಇಷ್ಟೇ. ಅಂಚೆಯಮ್ಮನ ನರ್ಸ್ ಮಗಳು, ಮದುವೆಯಾದರೆ ಈ ಬೇಕರಿಯವನನ್ನೇ ಎಂದು ನಿಶ್ಚಯಿಸಿ ವರ್ಷ ಕಳೆದಿತ್ತು. ಆದರೆ ಅಮ್ಮ ‘ಹೂಂ’ ಅನ್ನದೆ ಮುಂದಕ್ಕೆ ಹೆಜ್ಜೆ ಇಡಳು. ಅಮ್ಮನೋ, ಮೂವತ್ತೆರಡು ವರ್ಷ ಸೈಕಲ್ ಮೇಲೆ ಮನೆಮನೆಗೆ ಕಾಗದ ಹಂಚಿ ನಿವೃತ್ತರಾದವರು. ಜೊತೆಯಲ್ಲಿ ಹತ್ತು ದಿನ ಸೈಕಲ್ ತುಳಿಯದೆ ಮನುಷ್ಯನ ಬಣ್ಣ ಗೊತ್ತಾಗುವುದಿಲ್ಲ ಎಂದು ಹಟ ಹಿಡಿದು ಮೂವರ ಈ ಪ್ರವಾಸ ಹೊರಡಿಸಿದ್ದರು. ಇಂದು ಆರನೆಯ ದಿನ, ಬರೀ ಗುಡ್ಡ. ಮಗಳು ಬೆಳಿಗ್ಗೆಯೇ ಮುಂದೆ ಹೋಗಿ ಗುಡ್ಡದಾಚೆಯ ಊರಿನಲ್ಲಿ ಕಾಯುತ್ತಿದ್ದಳು. ಗುಡ್ಡದ ಬುಡದಲ್ಲಿ ಅಂಚೆಯಮ್ಮ ಪಂದ್ಯ ಕಟ್ಟಿದ್ದರು. ತುದಿ ಸೇರುವ ಮೊದಲು ಯಾರ ಕಾಲು ನೆಲಕ್ಕೆ ತಾಗುತ್ತದೋ ಅವರು ಸೋತಂತೆ. ಅವನು ಸೋತರೆ ಇನ್ನೊಂದು ವರ್ಷ ಮದುವೆಯ ಮಾತೆತ್ತುವಂತಿಲ್ಲ. ಅವರು ಸೋತರೆ ಇವತ್ತೇ ಒಪ್ಪಿಗೆ. ಇಬ್ಬರೂ ಸೋಲದಿದ್ದರೆ ನಾಳೆ ಇನ್ನೊಂದು ಗುಡ್ಡ ಇದ್ದೇ ಇದೆ!

ಹಿಟ್ಟು ನಾದಿ ನಾದಿ ಬೇಕರಿಯವನ ತೋಳುಗಳೇನೋ ಕಂಬದ ಹಾಗಿದ್ದವು. ಅಯ್ಯೋ, ಸೈಕಲ್ಲನ್ನು ತೋಳಿನಿಂದ ತುಳಿಯುವಂತಿದ್ದರೆ! ಐದನೆಯ ತಿರುವಿಗೆ ಎದೆ ಡವಡವ, ಆರಕ್ಕೆ ಕಣ್ಣು ಮಂಜು, ಏಳಕ್ಕೆ ಕಾರಣವೇ ಇಲ್ಲದೆ ನಗು. ನಕ್ಕರೆ ಉಸಿರು ಹೋಗುತ್ತದೆ, ತಡೆದರೆ ಇನ್ನಷ್ಟು ಉಕ್ಕುತ್ತದೆ. ಅದು ಅಂಚೆಯಮ್ಮನಿಗೂ ಅಂಟಿತು.

“ಸುಮ್ನಿರೋ! ನಗಿಸಿ ಬೀಳಿಸ್ಬೇಕು ಅಂತ ಮಾಡಿದೀಯಾ?”

“ನಾನೇ ಬೀಳ್ತಿದೀನಮ್ಮಾ!”

ನಿಜಕ್ಕೂ ಬೀಳುತ್ತಿದ್ದ. ತುದಿ ಇನ್ನು ನೂರು ಮಾರು. ಸೈಕಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿತು. ಹಾಳಾಗಲಿ, ಒಂದು ವರ್ಷ ತಾನೆ ಎಂದು ಅವನು ಪೆಡಲಿನಿಂದ ಕಾಲು ಎತ್ತಿಯೇಬಿಟ್ಟ.

ಅದಿನ್ನೂ ನೆಲ ಮುಟ್ಟಿರಲಿಲ್ಲ, ಅಷ್ಟರಲ್ಲಿ ರಸ್ತೆಯ ಎಡಕ್ಕೊಂದು ಒಂಟಿ ಮನೆ ಬಂತು. ಗೇಟು, ಗೇಟಿಗೆ ನೇತುಹಾಕಿದ ಕಾಗದದ ಡಬ್ಬಿ. ನಗುವಿನ ಭರದಲ್ಲಿ ಮೈಮರೆತಿದ್ದ ಅಂಚೆಯಮ್ಮನ ಹೆಬ್ಬೆರಳು ಟ್ರಿಣ್ ಟ್ರಿಣ್ ಎಂದು ಎರಡು ಸಲ ಗಂಟೆ ಬಾರಿಸಿತು. ಕೈ ಬ್ರೇಕು ಹಿಡಿಯಿತು. ಎಡಗಾಲು ತಾನೇ ತಾನಾಗಿ ಗೇಟಿನ ಮುಂದೆ ಊರಿಕೊಂಡಿತು. ಬಲಗೈ, ಹೆಗಲಲ್ಲಿ ಇಲ್ಲದ ಚೀಲಕ್ಕಾಗಿ ತಡಕಾಡಿತು.

ಮನೆಯೊಳಗಿಂದ ಒಬ್ಬ ಹೆಂಗಸು ಓಡಿ ಬಂದಳು. “ಕಾಗದ ಬಂತಾ?”

ಅಂಚೆಯಮ್ಮ ತಮ್ಮ ಕಾಲನ್ನೇ ಮಿಕಿಮಿಕಿ ನೋಡಿದರು. “ಇಲ್ಲ ಕಣಮ್ಮಾ, ಬರೀ ಕಾಲು ಬಂತು.”

“ಗೆದ್ದೇ! ಅತ್ತೇ, ಗೆದ್ದೇ!” ಬೇಕರಿಯವನು ಸೈಕಲ್ ಸಮೇತ ಹುಲ್ಲಿನ ಮೇಲೆ ಉರುಳಿ ಕೂಗಿದ. ಅವನಿಗೆ ಆಕಾಶ ಮೂರೇ ಗೇಣು ಉಳಿದಿತ್ತು. ಅಂಚೆಯಮ್ಮ ಗೇಟು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಏನು ಎತ್ತ ಒಂದೂ ತಿಳಿಯದ ಆ ಹೆಂಗಸೂ ನಕ್ಕಳು.

“ಇಷ್ಟು ವರ್ಷ ಸಾಕಿದ್ದಕ್ಕೆ ಈ ಕಾಲು ಹೀಗಾ ಮಾಡೋದು! ಆಯ್ತು, ಮಾತು ಅಂದ್ರೆ ಮಾತು. ಏಳಿ ಅಳಿಯಂದ್ರೇ.”

‘ಏಳಿ’ ಎಂದಿದ್ದಕ್ಕೇ ಅವನ ಕಣ್ಣಲ್ಲಿ ನೀರು ಬಂತು. ಜೇಬಿನ ಫೋನ್ ಹೊರತೆಗೆದ. “ಅವಳಿಗೆ ಒಂದು ಮಾತು ಹೇಳಿಬಿಡ್ತೀನಿ ಅತ್ತೆ.”

“ಒಳಗಿಡ್ರೀ ಅದನ್ನ!”

ಅವನು ಎದ್ದು ಸೈಕಲ್ ಎತ್ತುವಷ್ಟರಲ್ಲಿ ಅಂಚೆಯಮ್ಮ ಸೀಟಿನಿಂದ ಎದ್ದು ನಿಂತು ತುಳಿಯುತ್ತ ತುದಿ ದಾಟಿಯಾಗಿತ್ತು. ಆಚೆಯ ಇಳಿಜಾರಿನಿಂದ, ಬಿಡದೆ ಬಾರಿಸುವ ಗಂಟೆಯ ನಡುವೆ, ಅವರ ದನಿ ಮಾತ್ರ ಕೇಳಿಸಿತು:

“ಮೂವತ್ತೆರಡು ವರ್ಷ ಊರವರ ಮನೆ ಸಿಹಿಸುದ್ದಿನೆಲ್ಲ ಹೊತ್ತಿದೀನಿ. ನಮ್ಮನೇದು ಅಂತ ಇದೊಂದೇ ಕಣ್ರೀ, ನಾನೇ ಮುಟ್ಟಿಸ್ಬೇಕು!”